ಆಂಜನೇಯನ ಪೇರೆಂಟು

ಶಾಂತಿಧಾಮ ಬಡಾವಣೆಯಲ್ಲಿ ಸಂಜೆ ಏಳಾದರೆ ಮಕ್ಕಳಿಗೆ ರಸ್ತೆ ಇಲ್ಲ. ಹಾಗೆಂದು ಬೋರ್ಡು ಬರೆಸಿ ಗೇಟಿಗೆ ತಗುಲಿಹಾಕಿದ್ದರು. ಹದಿನೆಂಟು ತುಂಬದವರು ಏಳರ ಮೇಲೆ ತಂದೆ ಅಥವಾ ತಾಯಿ ಇಲ್ಲದೆ ರಸ್ತೆಯಲ್ಲಾಗಲಿ ಪಾರ್ಕಿನಲ್ಲಾಗಲಿ ಕಂಡರೆ ಹಿಡಿದು ಅಸೋಸಿಯೇಶನ್ ಆಫೀಸಿನಲ್ಲಿ ಕೂರಿಸಲಾಗುವುದು. ಪೇರೆಂಟ್ ಖುದ್ದಾಗಿ ಬಂದು, ತಪ್ಪೊಪ್ಪಿಕೊಂಡು, ಬಿಡಿಸಿಕೊಂಡು ಹೋಗತಕ್ಕದ್ದು. ಮಕ್ಕಳ ನಡತೆಗೆ ಹೆತ್ತವರೇ ಜವಾಬ್ದಾರರು. ಇಂತಿ ಅಧ್ಯಕ್ಷರು.

ರಸ್ತೆ ಕಾರ್ಪೊರೇಷನ್ನಿನದು. ಗೇಟು ಅಸೋಸಿಯೇಶನ್ನಿನದು. ಕಾರ್ಪೊರೇಷನ್ ರಸ್ತೆಗೆ ಅಸೋಸಿಯೇಶನ್ ಗೇಟು ಹೇಗೆ ಬಂತು ಎಂದು ಕೇಳುವವರು ಆ ಕಡೆ ಇಟ್ಟಮಡುವಿನಲ್ಲೂ ಇರಲಿಲ್ಲ, ಈ ಕಡೆ ಚಿಕ್ಕಲಸಂದ್ರದಲ್ಲೂ ಇರಲಿಲ್ಲ. ಕೇಳಬೇಕಾದವರು ಇದ್ದದ್ದು ಬಡಾವಣೆಯ ಬೆನ್ನಿಗೆ, ಕೊಳಚೆ ಹರಿಯುವ ರಾಜಕಾಲುವೆಯ ದಂಡೆಯ ಮೇಲೆ, ಕಾಲುವೆ ಬೀದಿಯಲ್ಲಿ. ಅವರಿಗೆ ಪುರುಸೊತ್ತಿರಲಿಲ್ಲ. ಅವರು ಬಡಾವಣೆಯ ಒಳಗೆ ಪಾತ್ರೆ ತಿಕ್ಕುತ್ತಿದ್ದರು.

ರೂಲು ಹುಟ್ಟಿದ್ದು ಒಂದು ಕಾರಿನ ಕನ್ನಡಿಯಿಂದ. ಶಂಭುಲಿಂಗಪ್ಪನವರ ಹೊಸ ಕಾರಿನ ಕನ್ನಡಿಯನ್ನು ಯಾರೋ ಒಡೆದುಹಾಕಿದ್ದರು. ಯಾರು ಎಂದು ಮೀಟಿಂಗಿನಲ್ಲಿ ಯಾರೂ ಕೇಳಲೇ ಇಲ್ಲ. ಕಾಲುವೆ ಬೀದಿಯ ಹುಡುಗರು ಎಂದು ಕಾಫಿ ಬರುವ ಮೊದಲೇ ತೀರ್ಮಾನವಾಯಿತು. ಒಡೆದದ್ದು ಶಂಭುಲಿಂಗಪ್ಪನವರ ಮೊಮ್ಮಗನೇ, ಟೆನಿಸ್ ಬಾಲಿನಿಂದ. ಗೇಟು ಕಾಯುವ ಶಿವರಾಜ ಅದನ್ನು ಕಣ್ಣಾರೆ ಕಂಡಿದ್ದ. ಕಂಡದ್ದನ್ನು ಬಾಯಿಬಿಟ್ಟು ಹೇಳಿದರೆ ಗೇಟಿಗೆ ಬೇರೆಯವನು ಬರುತ್ತಾನೆ ಎಂಬುದೂ ಅವನಿಗೆ ಗೊತ್ತಿತ್ತು. ಗೇಟು ಕಾಯುತ್ತಾ ಕೂತ.

ಅಧ್ಯಕ್ಷರ ಹೆಸರು ಜಯಸಿಂಹ. ವಿಮಾ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಒಳ್ಳೆಯ ಮನುಷ್ಯ. ಇದನ್ನು ಅವರ ಮನೆಗೆಲಸದ ಮುನಿಲಕ್ಷ್ಮಮ್ಮನೂ ಒಪ್ಪುತ್ತಾಳೆ. ಕೆಟ್ಟ ಮಾತು ಆಡುವುದಿಲ್ಲ. ಹಬ್ಬಕ್ಕೆ ಸೀರೆ ಕೊಡಿಸುತ್ತಾರೆ. ಅವಳು ಕಾಫಿ ಕುಡಿಯುವ ಲೋಟ ಮಾತ್ರ ಹಿತ್ತಲಿನ ನಲ್ಲಿಯ ಮೇಲೆ ಬೇರೆಯಾಗಿ ಬೋರಲು ಬಿದ್ದಿರುತ್ತದೆ.

ಮುನಿಲಕ್ಷ್ಮಮ್ಮ ಎಂಬ ಹೆಸರು ಬಡಾವಣೆಯವರ ಬಾಯಿಗೆ ಉದ್ದವಾಯಿತು. ಅರ್ಧ ಕತ್ತರಿಸಿ ಲಕ್ಷ್ಮಿ ಎಂದು ಇಟ್ಟುಕೊಂಡರು. ಬೆಳಿಗ್ಗೆ ಬೇರೆ ಎರಡು ಮನೆಗಳ ಪಾತ್ರೆ, ಬಟ್ಟೆ, ನೆಲ. ಸೋಪಿನ ನೀರಿಗೆ ಬೆರಳ ಸಂದಿಯೆಲ್ಲ ಬಿರಿದು, ಹುಣಸೆಹಣ್ಣು ಮುಟ್ಟಿದರೆ ಪ್ರಾಣ ಹೋಗುತ್ತದೆ. ಮಧ್ಯಾಹ್ನದ ಮೇಲೆ ಜಯಸಿಂಹರ ಮನೆ. ಅಲ್ಲಿ ಅವಳು ತರಕಾರಿ ತೊಳೆಯಬಹುದು, ಹೆಚ್ಚುವಂತಿಲ್ಲ. ಒಲೆಯ ಹತ್ತಿರವಂತೂ ಹೋಗುವಂತಿಲ್ಲ. ಆದರೆ ಅವರ ಮೊಮ್ಮಗ ವಿಶ್ರುತನಿಗೆ ಅನ್ನ ಕಲಸಿ, ಉಂಡೆ ಕಟ್ಟಿ, ಕಥೆ ಹೇಳಿ ಬಾಯಿಗಿಡಬೇಕು. ಅಡಿಗೆಗೆ ಆಗದ ಕೈ ತುತ್ತಿಗೆ ಆಗುತ್ತದೆ. ಇದು ಯಾವ ಶಾಸ್ತ್ರ ಎಂದು ಅವಳು ಎಷ್ಟೋ ಸಲ ಯೋಚಿಸಿದ್ದಾಳೆ, ಬುಡ ಸಿಕ್ಕಿಲ್ಲ.

ಆ ಮನೆಯಲ್ಲಿ ಮಹಡಿಯಲ್ಲೆರಡು, ಕೆಳಗೆರಡು ಟಾಯ್ಲೆಟ್ಟು. ಎಲ್ಲವನ್ನೂ ತೊಳೆಯುವುದು ಅವಳೇ. ಒಂದರಲ್ಲೂ ಕೂರುವಂತಿಲ್ಲ. ಮಧ್ಯಾಹ್ನ ಬಂದವಳು ವಿಶ್ರುತನ ಅಪ್ಪ ಅಮ್ಮ ಆಫೀಸಿನಿಂದ ಮನೆ ಸೇರುವವರೆಗೆ ಉಚ್ಚೆ ಕಟ್ಟಿಕೊಂಡಿರಬೇಕು. ಅವರು ಮನೆ ಸೇರುವುದು ಸಿಲ್ಕ್ ಬೋರ್ಡ್ ಟ್ರಾಫಿಕ್ಕು ಬಿಟ್ಟಾಗ. ಹಾಗಾಗಿ ಮುನಿಲಕ್ಷ್ಮಮ್ಮನ ಕಿಬ್ಬೊಟ್ಟೆಯೂ ಸಿಲ್ಕ್ ಬೋರ್ಡನ್ನೇ ನಂಬಿಕೊಂಡಿತ್ತು. ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಡಾಕ್ಟರು ನೀರು ಕುಡಿಯಮ್ಮಾ ಎಂದು ಬೈದರೆ ಆಯ್ತು ಸಾರ್ ಎನ್ನುತ್ತಿದ್ದಳು. ಎಲ್ಲಿ ಹೊಯ್ಯಲಿ ಎಂದು ಡಾಕ್ಟರನ್ನು ಕೇಳುವುದಕ್ಕಾಗುತ್ತದೆಯೇ.

ಅವಳ ಮಗಳು ಸೌಭಾಗ್ಯ. ಕರೆಯುವುದು ಭಾಗ್ಯ. ಎಸ್ಸೆಸ್ಸೆಲ್ಸಿ. ತಂದೆ ಲಾರಿ ಡ್ರೈವರು, ಅಪರೂಪಕ್ಕೆ ಮನೆಗೆ ಬರುತ್ತಾನೆ, ಬಂದರೆ ಮಲಗುತ್ತಾನೆ. ಹುಡುಗಿಯನ್ನು ನೋಡಿಕೊಂಡಿದ್ದು ಅಜ್ಜಿ ಅಣ್ಣಮ್ಮ. ಇಟ್ಟಮಡುವಿನ ಸಮುದಾಯ ಭವನದಲ್ಲಿ ಕಾಲೇಜು ಹುಡುಗರು ಸಂಜೆ ಹೊತ್ತು ಪುಕ್ಕಟೆಯಾಗಿ ಲೆಕ್ಕ, ವಿಜ್ಞಾನ ಹೇಳಿಕೊಡುತ್ತಾರೆ. ಭಾಗ್ಯಳಿಗೆ ಅಲ್ಲಿಗೆ ಹೋದ ಮೇಲೆಯೇ ಲೆಕ್ಕ ಎಂದರೆ ಹೊಟ್ಟೆನೋವು ಬರುವುದು ನಿಂತಿದ್ದು. ಕ್ಲಾಸು ಬಿಡುವುದು ಏಳಕ್ಕೆ. ಕಾಲುವೆ ಬೀದಿಗೆ ವಾಪಸು ಬರಲು ದಾರಿ ಎರಡು. ಒಂದು ಶಾಂತಿಧಾಮದ ರಸ್ತೆ, ಒಂದು ಖಾಲಿ ಸೈಟಿನ ಹತ್ತಿರ ಬಿಟ್ಟರೆ ಉದ್ದಕ್ಕೂ ಲೈಟಿದೆ. ಇನ್ನೊಂದು ಕಾಲುವೆ ಪಕ್ಕದ ಕಾಲುದಾರಿ. ಅಲ್ಲಿ ವೈನ್ ಸ್ಟೋರ್ ಇದೆ, ಲೈಟಿಲ್ಲ.

ಮಕ್ಕಳ ಕ್ಷೇಮಕ್ಕೆಂದು ಮಾಡಿದ ರೂಲು ಹುಡುಗಿಯನ್ನು ಲೈಟಿರುವ ರಸ್ತೆ ಬಿಟ್ಟು ವೈನ್ ಸ್ಟೋರಿನ ಕಡೆಗೆ ತಳ್ಳುತ್ತಿತ್ತು. ಭಾಗ್ಯ ಹೋಗಲಿಲ್ಲ. ಬಂದ ರಸ್ತೆಯಲ್ಲೇ ಬಂದಳು. ಸಿಕ್ಕಿಬಿದ್ದಳು.

"ಏಳಾಯ್ತಲ್ಲಮ್ಮ" ಎಂದ ಶಿವರಾಜ, ತಾನೇ ತಪ್ಪು ಮಾಡಿದವನಂತೆ.

"ಅಣ್ಣ, ಆಚೆ ಗೇಟಿಗೆ ಹೋಗ್ಬಿಡ್ತೀನಿ. ಓಡ್ಕೊಂಡು ಹೋಗ್ತೀನಿ ಬೇಕಾದ್ರೆ."

ಓಡಬೇಕಾಗಿ ಬರಲಿಲ್ಲ. ಆಫೀಸಿನ ಬಾಗಿಲಲ್ಲಿ ಜಯಸಿಂಹರೇ ನಿಂತಿದ್ದರು. ಬೋರ್ಡು ಹಾಕಿ ವಾರವಾಗಿತ್ತು, ಇನ್ನೂ ಒಂದು ಕೇಸೂ ಆಗಿರಲಿಲ್ಲ. ಬೋಣಿಯಾಗದ ಅಂಗಡಿಯವರ ಹಾಗೆ ಕಾಯುತ್ತಿದ್ದರು. ಭಾಗ್ಯಳನ್ನು ಒಳಗೆ ಕರೆದು ಕುರ್ಚಿಯ ಪಕ್ಕ ನಿಲ್ಲಿಸಿದರು. ಮನೆಯವರಿಗೆ ಫೋನು ಹೋಯಿತು. ಅಜ್ಜಿ ಅಣ್ಣಮ್ಮ ಕೋಲೂರಿಕೊಂಡು, ಏದುಸಿರು ಬಿಡುತ್ತಾ ಬಂದಳು.

"ಪೇರೆಂಟ್ ಬರ್ಬೇಕಮ್ಮ. ಅಜ್ಜಿ ಪೇರೆಂಟ್ ಅಲ್ಲ" ಎಂದರು ಜಯಸಿಂಹರು.

"ನಾನೇ ಸಾಮಿ ಸಾಕಿರೋದು."

"ಸಾಕಿರ್ಬೋದು. ಜವಾಬ್ದಾರಿ ಹೆತ್ತೋರ್ದು. ಅಜ್ಜ ಅಜ್ಜಿ ಮಧ್ಯ ಬಂದೇ ಮಕ್ಕಳು ಹಾಳಾಗೋದು. ಇವಳ ತಾಯಿ ಎಲ್ಲಿ?"

"ನಿಮ್ಮನೇಲೇ ಅವ್ಳಲ್ಲ ಸಾಮಿ!"

ಜಯಸಿಂಹರಿಗೆ ಆಗ ಗುರುತು ಹತ್ತಿತು. ಮನೆಗೆ ಫೋನು ಮಾಡಿದರು. ಅವರ ಹೆಂಡತಿ ಸರಸ್ವತಿ ಅಡಿಗೆಮನೆಯಿಂದಲೇ ಕೂಗಿದರು. "ಲಕ್ಷ್ಮೀ, ಯಜಮಾನ್ರು ಆಫೀಸಿಗೆ ಕರೀತಿದ್ದಾರೆ ನೋಡು. ಏನು ಮಾಡ್ಕೊಂಡ್ಳೋ ನಿನ್ನ ಮಗಳು."

ಏನು ಮಾಡಿಕೊಂಡಳೋ! ಮುನಿಲಕ್ಷ್ಮಮ್ಮ ಕೈಯ ತಟ್ಟೆಯನ್ನು ಅಲ್ಲೇ ಕೆಳಗಿಟ್ಟಳು. ವಿಶ್ರುತ ಅವಳ ಕುತ್ತಿಗೆಗೆ ಜೋತುಬಿದ್ದಿದ್ದ. ಸರಸ್ವತಿಗೆ ಮೊಣಕಾಲು ನೋವು, ಮಗುವಿನ ಹಿಂದೆ ಓಡಲಾರರು. ಅವನನ್ನು ಸೊಂಟಕ್ಕೇರಿಸಿಕೊಂಡೇ ಓಡಿದಳು. ಆಕ್ಸಿಡೆಂಟೋ, ಯಾವನಾದರೂ ಕೈ ಹಿಡಿದೆಳೆದನೋ ಎಂದು ದಾರಿಯುದ್ದಕ್ಕೂ ತನ್ನಷ್ಟಕ್ಕೆ ಗೊಣಗಿದಳು. ಆಫೀಸಿನಲ್ಲಿ ನೋಡಿದರೆ ಮಗಳು ನೆಟ್ಟಗೆ ನಿಂತಿದ್ದಾಳೆ. ಕೈಯಲ್ಲಿ ಜಾಮಿಟ್ರಿ ಬಾಕ್ಸು.

"ವಯಸ್ಸಿಗೆ ಬಂದ ಮಗಳು ಹೊತ್ತು ಮುಳುಗಿದ ಮೇಲೆ ಎಲ್ಲಿರ್ತಾಳೆ ಅಂತ ನೋಡ್ಕೊಳೋಕಾಗಲ್ವಾ ನಿಂಗೆ?" ಎಂದರು ಜಯಸಿಂಹರು. "ಈ ಹೊತ್ತಲ್ಲಿ ನೀನು ಎಲ್ಲಿದ್ದೆ?"

"ನಿಮ್ಮನೇಲಿ ಸಾರ್."

"ಅದು ಬೇರೆ ವಿಷಯ."

ಬೇರೆ ವಿಷಯ ಅವಳ ಸೊಂಟದ ಮೇಲೆ ಕೂತು ಮೂಗಿಗೆ ಬೆರಳು ಹಾಕಿಕೊಳ್ಳುತ್ತಿತ್ತು. ರೂಲಿನ ಪ್ರಕಾರ ಪೇರೆಂಟ್ ತಪ್ಪಾಯಿತು ಎನ್ನಬೇಕು. ಮುನಿಲಕ್ಷ್ಮಮ್ಮ ಹಾಗೇ ಎಂದಳು. ಬಾಯಿಗೆ ಅಭ್ಯಾಸವಾದ ಮಾತು. ಲೋಟ ಒಡೆದರೆ, ತಡವಾದರೆ, ಹಬ್ಬಕ್ಕೆ ರಜ ಕೇಳಿದರೆ ಅದೇ ಬರುತ್ತದೆ. ಆಮೇಲೆ ತಾಯಿ ಮಗಳನ್ನು ಗೋಡೆಗೆ ನಿಲ್ಲಿಸಿ ಶಿವರಾಜನ ಫೋನಿನಲ್ಲಿ ಫೋಟೋ ತೆಗೆಸಿದರು. ಹಿಡಿದ ಮಕ್ಕಳ ಫೋಟೋವನ್ನು ಪೇರೆಂಟ್ ಸಮೇತ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಹಾಕುವುದು ಅವನ ಡ್ಯೂಟಿ. ಭಾಗ್ಯ ಮುಖಕ್ಕೆ ಬ್ಯಾಗು ಅಡ್ಡ ಹಿಡಿದಳು. "ಮುಖ ತೋರ್ಸಮ್ಮ, ತಪ್ಪು ಮಾಡೋವಾಗ ಇಲ್ದಿರೋ ನಾಚಿಕೆ ಈಗ್ಯಾಕೆ?" ಎಂದರು ಜಯಸಿಂಹರು. ಗ್ರೂಪಿಗೆ ಹೋಗುವ ಮೊದಲು ಫೋಟೋವನ್ನು ತಾವೇ ಒಮ್ಮೆ ನೋಡಿದರು. ಮೊಮ್ಮಗನನ್ನು ಕ್ರಾಪ್ ಮಾಡಿಸಿದರು.

ಹೀಗಾಗಿ ಶಾಂತಿಧಾಮದ ಇನ್ನೂರು ಮನೆಯವರು ನೋಡಿದ ಬೇಜವಾಬ್ದಾರಿ ತಾಯಿಯ ಸೊಂಟ ಒಂದು ಕಡೆಗೆ ವಾಲಿತ್ತು. ಎಡಗೈ ಏನನ್ನೋ ತಬ್ಬಿ ಹಿಡಿದಂತಿತ್ತು. ಏನನ್ನು ಎಂದು ಯಾರೂ ಕೇಳಲಿಲ್ಲ.

ಬೆಳಿಗ್ಗೆ ಹೋದ ಮನೆಯಲ್ಲೆಲ್ಲ ಅದೇ ಮಾತು. ಲಕ್ಷ್ಮಿ, ಕಾಲ ಕೆಟ್ಟಿದೆ. ಲಕ್ಷ್ಮಿ, ಮಗಳ ಫೋನ್ ಚೆಕ್ ಮಾಡು. ಲಕ್ಷ್ಮಿ, ಬೇಗ ಮದುವೆ ಗಿದುವೆ ಮಾಡ್ಬಿಡ್ಬೇಡ ಮತ್ತೆ, ಅದೂ ತಪ್ಪು. ಅವಳು ತಲೆ ಬಗ್ಗಿಸಿ ತಳ ಹಿಡಿದ ಪಾತ್ರೆ ಉಜ್ಜಿದಳು. ಆ ದಿನ ಪಾತ್ರೆಗಳು ಕನ್ನಡಿಯ ಹಾಗೆ ಹೊಳೆದವು. ಇನ್ನೊಂದು ಸಲ ಸಿಕ್ಕಿದರೆ ತಾಯಿಯ ಗೇಟ್ ಪಾಸು ರದ್ದು ಎಂದೂ ಹೇಳಿ ಕಳಿಸಿದ್ದರು. ಪಾಸು ಹೋದರೆ ಮನೆಗಳೆಲ್ಲ ಹೋದಂತೆಯೇ.

ಅದಕ್ಕಿಂತ ದೊಡ್ಡ ಪೆಟ್ಟು ಮನೆಯಲ್ಲಿ ಕಾದಿತ್ತು.

"ನಾನು ಇನ್ನು ಕ್ಲಾಸಿಗೆ ಹೋಗಲ್ಲ" ಎಂದಳು ಭಾಗ್ಯ.

"ಲೆಕ್ಕ?"

"ಲೆಕ್ಕ ಹಾಳಾಗೋಗ್ಲಿ. ನೀನು ತಪ್ಪಾಯ್ತು ಅಂದ್ಯಲ್ಲ, ಏನು ತಪ್ಪಾಯ್ತು ಅಂತ ಹೇಳು. ಹೇಳಿದ್ರೆ ಹೋಗ್ತೀನಿ."

ಮುನಿಲಕ್ಷ್ಮಮ್ಮ ಹುಡುಕಿದಳು. ಸಿಕ್ಕಲಿಲ್ಲ. ಮಗಳು ಚಾಪೆಯ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಆ ಬೆನ್ನನ್ನು ನೋಡುತ್ತಾ ತಾಯಿಗೆ ತನ್ನ ಬಾಯನ್ನೇ ಕಿತ್ತು ಕಾಲುವೆಗೆ ಎಸೆಯುವಷ್ಟು ಸಿಟ್ಟು ಬಂತು. ಈ ಹುಡುಗಿ ಓದಿ ಈ ಕೆಲಸದಿಂದ ಆಚೆ ಹೋಗಲಿ ಎಂದೇ ತಾನೇ ಅವಳು ಉಚ್ಚೆ ಕಟ್ಟಿಕೊಂಡು ಬದುಕಿದ್ದು.

ಅಷ್ಟರಲ್ಲಿ ನವರಾತ್ರಿ ಬಂತು. ಶಾಂತಿಧಾಮದಲ್ಲಿ ಗೊಂಬೆ ಕೂರಿಸುವುದು ಜೋರು. ಮನೆಮನೆಯಲ್ಲೂ ಮೆಟ್ಟಿಲು ಮೆಟ್ಟಿಲಾಗಿ ಬಿಳಿ ಬಟ್ಟೆ ಹಾಸಿ, ಪಟ್ಟದ ಗೊಂಬೆಯಿಂದ ಹಿಡಿದು ಶೆಟ್ಟಿ ಶೆಟ್ಟಮ್ಮನವರೆಗೆ ಜೋಡಿಸುತ್ತಾರೆ. ಗೊಂಬೆ ಕೂರಿಸಿದ್ದೀರಾ ಎಂದು ಮಕ್ಕಳು ಸಂಜೆ ಮನೆಯಿಂದ ಮನೆಗೆ ನುಗ್ಗಿ ಉಸಲಿ, ಕೊಬ್ಬರಿ ಮಿಠಾಯಿ ಗಿಟ್ಟಿಸಿಕೊಂಡು ಓಡುತ್ತವೆ. ಏಳರ ಮೇಲೆಯೂ ಓಡಿದವು. ಅದನ್ನು ಯಾರೂ ಹಿಡಿಯಲಿಲ್ಲ. ಅದು ಸಂಸ್ಕೃತಿ.

ಸರಸ್ವತಿ ಪೂಜೆಯ ಸಂಜೆ ಅಸೋಸಿಯೇಶನ್ ಹಾಲಿನಲ್ಲಿ ಮಕ್ಕಳ ವೇಷಭೂಷಣ ಸ್ಪರ್ಧೆ ಇಟ್ಟಿದ್ದರು. ವಿಶ್ರುತ ಆಂಜನೇಯ. ಸರಸ್ವತಿಯವರ ಹಳೆಯ ಲಂಗ ಹೊಲಿದು ಹತ್ತಿ ತುಂಬಿ ಬಾಲ ಮಾಡಿದ್ದು ಮುನಿಲಕ್ಷ್ಮಮ್ಮ. ಬಾಲ ಭಾರವಾಗಿ ಆಂಜನೇಯನ ಚಡ್ಡಿಯನ್ನು ಹಿಂದಿನಿಂದ ಎಳೆಯುತ್ತಿತ್ತು. ಎದುರು ಮನೆಯ ಹುಡುಗಿ ಆದ್ಯಾ ಒನಕೆ ಓಬವ್ವ. ಅವಳನ್ನು ನೋಡಿಕೊಳ್ಳುವ ಲಕ್ಕವ್ವ ಯಾದಗಿರಿ ಕಡೆಯವಳು. ಗಂಡ ಬಿಲ್ಡಿಂಗ್ ಕೆಲಸಕ್ಕೆ ಬಂದಾಗ ಬೆಂಗಳೂರಿಗೆ ಬಂದವಳು, ಮುನಿಲಕ್ಷ್ಮಮ್ಮನಿಗೆ ಪಾರ್ಕಿನ ಗೆಳತಿ. ಪಾರ್ಕಿನಲ್ಲಿ ಮಕ್ಕಳು ಬೆಂಚಿನ ಮೇಲೆ, ಇವರು ಬೆಂಚಿನ ಪಕ್ಕ ನೆಲದ ಮೇಲೆ. ಓಬವ್ವನ ಥರ್ಮಕೋಲ್ ಒನಕೆ ಮನೆಯಿಂದ ಹಾಲಿಗೆ ಬರುವಷ್ಟರಲ್ಲಿ ಆಂಜನೇಯನ ತಲೆಯ ಮೇಲೆ ಬಿದ್ದು ಎರಡು ತುಂಡಾಗಿತ್ತು. ಇನ್ನು ಮೀಸೆ ಉದುರುತ್ತಿದ್ದ ಒಬ್ಬ ಕೆಂಪೇಗೌಡ, ನಿದ್ದೆ ಬಂದ ಒಬ್ಬ ಬುದ್ಧ, ಮತ್ತೆ ಯಾಕೆಂದು ಯಾರಿಗೂ ಗೊತ್ತಿಲ್ಲದ ಒಂದು ಟೊಮೇಟೊ.

ಹಾಲಿನಲ್ಲಿ ಮುಂದಿನ ಸಾಲುಗಳಿಗೆಲ್ಲ 'ಪೇರೆಂಟ್ಸ್' ಎಂದು ಚೀಟಿ ಅಂಟಿಸಿದ್ದರು. ಆ ಕುರ್ಚಿಗಳು ಬಹುಮಟ್ಟಿಗೆ ಖಾಲಿ. ಹಿಂದೆ ಅಜ್ಜ ಅಜ್ಜಿಯರು. ಗೋಡೆಯ ಉದ್ದಕ್ಕೂ ಮಕ್ಕಳ ನೀರಿನ ಬಾಟಲಿ, ಚಪ್ಪಲಿ, ಜರ್ಕಿನ್ನು ಹಿಡಿದುಕೊಂಡು ಆಯಾಗಳು. ನಿಂತೇ ಇದ್ದರು.

ಜಯಸಿಂಹರು ಮೈಕು ಹಿಡಿದರು.

"ಬಂಧುಗಳೇ, ನಮ್ಮ ಏಳು ಗಂಟೆ ನಿಯಮ ಬಂದ್ಮೇಲೆ ಬಡಾವಣೆ ಎಷ್ಟು ಶಾಂತವಾಗಿದೆ ನೀವೇ ನೋಡ್ತಿದ್ದೀರಿ. ಕೆಲವರಿಗೆ ಕಹಿ ಆಗಿರ್ಬೋದು. ಆದ್ರೆ ಒಂದು ಮಾತು. ಮಗುವನ್ನ ಹೆತ್ರೆ ಸಾಲದು. ಹೊತ್ತು ಮುಳುಗಿದ ಮೇಲೆ ಆ ಮಗುವಿನ ಪಕ್ಕದಲ್ಲಿ ಇರ್ಬೇಕು. ಇಲ್ದೇ ಹೋದ್ರೆ ಅಂಥೋರನ್ನ ಪೇರೆಂಟ್ಸ್ ಅನ್ನೋಕಾಗಲ್ಲ."

ಚಪ್ಪಾಳೆ ಬಿತ್ತು. ಶಂಭುಲಿಂಗಪ್ಪನವರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಕನ್ನಡಿ ಒಡೆದ ಮೊಮ್ಮಗ ಪಕ್ಕದಲ್ಲಿ ಬಾಲು ಹಿಡಿದುಕೊಂಡು ಕೂತಿದ್ದ.

ಮುನಿಲಕ್ಷ್ಮಮ್ಮ ಚಪ್ಪಾಳೆ ತಟ್ಟುವಂತಿರಲಿಲ್ಲ. ಒಂದು ಕೈಯಲ್ಲಿ ಬಾಲ, ಒಂದು ಕೈಯಲ್ಲಿ ಗದೆ. ಅವಳು ಖಾಲಿ ಕುರ್ಚಿಗಳನ್ನು ನೋಡಿದಳು. ಗೋಡೆಗೆ ಒರಗಿದ ಹೆಂಗಸರನ್ನು ನೋಡಿದಳು. ಎಲ್ಲರ ಮಕ್ಕಳೂ ಕಾಲುವೆ ಬೀದಿಯಲ್ಲೋ ಶೆಡ್ಡಿನಲ್ಲೋ ಒಂಟಿಯಾಗಿ ಇದ್ದವು. ಇವರೆಲ್ಲ ಇಲ್ಲಿ ಬೇರೆಯವರ ಮಕ್ಕಳ ಮೂಗು ಒರೆಸುತ್ತಿದ್ದರು. ಮಗಳು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು. ಏನೂ ತಪ್ಪಾಗಿರಲಿಲ್ಲ. ತಪ್ಪಾಯಿತು ಎಂದದ್ದೊಂದೇ ತಪ್ಪು.

ಅವಳು ಗದೆಯನ್ನು ಆಂಜನೇಯನಿಗೆ ಕೊಟ್ಟು, ಅವನ ಕೈ ಹಿಡಿದು ಸ್ಟೇಜಿಗೆ ನಡೆದಳು.

"ಸಾರ್, ಏಳು ದಾಟ್ತು. ಈ ಮಗು ಸಿಕ್ಕಿದೆ. ಪೇರೆಂಟ್ ಇಲ್ಲ."

ಸಭೆ ನಕ್ಕಿತು. ಇದೂ ಸ್ಪರ್ಧೆಯ ಒಂದು ಐಟಂ ಎಂದುಕೊಂಡರು. ಜಯಸಿಂಹರೂ ನಕ್ಕರು.

"ಆಮೇಲೆ ಲಕ್ಷ್ಮಿ. ಮೊದಲನೇ ಸ್ಪರ್ಧಿ ಕೆಂಪೇಗೌಡ."

"ಆಮೇಲೆ ಅಲ್ಲ ಸಾರ್. ರೂಲು. ಆಂಜನೇಯ ಸಿಕ್ಕಿಬಿದ್ದಿದ್ದಾನೆ. ಕೂರ್ಸಿ ಒಳಗೆ. ಇವರಪ್ಪ ಅಮ್ಮನ್ನ ಕರ್ಸಿ."

"ನಾನು ತಾತ ಇದ್ದೀನಲ್ಲಮ್ಮ ಇಲ್ಲೇ."

"ಅಜ್ಜ ಅಜ್ಜಿ ಪೇರೆಂಟ್ ಅಲ್ಲ ಅಂತ ನೀವೇ ಹೇಳಿದ್ರಿ. ನಮ್ಮವ್ವ ಕೋಲೂರ್ಕೊಂಡು ಬಂದಾಗ."

ಮೈಕು ಆನ್ ಇತ್ತು. ಕೊನೆಯ ಸಾಲಿಗೂ ಕೇಳಿಸಿತು. ನಗು ನಿಂತಿತು.

"ತಾತಾ, ನನ್ನ ಅರೆಸ್ಟ್ ಮಾಡ್ತೀರಾ?" ಎಂದ ವಿಶ್ರುತ. ಹೆದರಿಕೆಯಿಂದಲ್ಲ, ಆಸೆಯಿಂದ.

"ಏ ಲಕ್ಷ್ಮಿ, ಏನಿದು ತಮಾಷೆ" ಎಂದು ಜಯಸಿಂಹರು ಮೈಕಿಗೆ ಕೈ ಅಡ್ಡ ಹಿಡಿದರು.

"ನನ್ನ ಹೆಸ್ರು ಮುನಿಲಕ್ಷ್ಮಮ್ಮ ಸಾರ್. ತಮಾಷೆ ಇಲ್ಲ. ನನ್ ಮಗಳ ಕೈಲಿ ಜಾಮಿಟ್ರಿ ಬಾಕ್ಸ್ ಇತ್ತು, ಅವಳನ್ನ ಹಿಡಿದ್ರಿ. ಇವನ ಕೈಲಿ ಗದೆ ಐತೆ, ಬಿಡ್ತೀರಾ?"

ಗೋಡೆಯ ಕಡೆಯಿಂದ ಒಂದು ದನಿ ಬಂತು. ಲಕ್ಕವ್ವ ಓಬವ್ವನನ್ನು ಎತ್ತಿಕೊಂಡು ಬಂದು ಆಂಜನೇಯನ ಪಕ್ಕ ಇಳಿಸಿದಳು.

"ನಮ್ಮ ಓಬವ್ವಂದೂ ಪೇರೆಂಟ್ ಇಲ್ರೀ ಸಾಹೇಬ್ರ. ಈಕಿ ಒನಕಿ ಹಿಡಕೊಂಡು ರೋಡಿನ್ಯಾಗ ಒಬ್ಬನ ತಲಿ ಒಡದಾಳ. ಮೊದಲ ಈಕಿನ್ನ ಕೂಡಸ್ರಿ."

ಆಮೇಲೆ ತಡೆಯುವವರು ಇರಲಿಲ್ಲ. ಕೆಂಪೇಗೌಡ ಬಂದ. ಟೊಮೇಟೊ ಬಂತು, ಪಕ್ಕದ ಆಫೀಸಿನ ಬಾಗಿಲಲ್ಲಿ ಸಿಕ್ಕಿಕೊಂಡಿತು, ಇಬ್ಬರು ಹಿಂದಿನಿಂದ ನೂಕಿದರು. ಬುದ್ಧನನ್ನು ನಿದ್ದೆಯಲ್ಲೇ ಎತ್ತಿಕೊಂಡು ಬಂದರು. ಮಕ್ಕಳಿಗೆ ಇದು ಸ್ಪರ್ಧೆಗಿಂತ ಚೆನ್ನಾಗಿತ್ತು. ನನ್ನನ್ನೂ ಹಿಡೀರಿ, ನನ್ನನ್ನೂ ಹಿಡೀರಿ ಎಂದು ಆಫೀಸು ರೂಮಿಗೆ ನುಗ್ಗಿದವು. ಪಕ್ಕದಲ್ಲಿ ಅಪ್ಪ ಅಮ್ಮ ಇದ್ದ ಒಂದು ಮಗು ತಾನು ಮಾತ್ರ ಹೊರಗುಳಿದೆನಲ್ಲ ಎಂದು ಅಳತೊಡಗಿತು. ತೀರ್ಪುಗಾರರಿಗೆಂದು ಆಫೀಸಿನಲ್ಲಿಟ್ಟಿದ್ದ ಕಡಲೆಕಾಳು ಉಸಲಿ ಅಪರಾಧಿಗಳ ಹೊಟ್ಟೆ ಸೇರಿತು. ಆಯಾಗಳು ಬಾಗಿಲಿಗೆ ಅಡ್ಡ ಕೂತರು. ಮೊದಲ ಸಲ ಕೂತರು, ಅದೂ ಕುರ್ಚಿಯ ಮೇಲೆ, 'ಪೇರೆಂಟ್ಸ್' ಚೀಟಿ ಇದ್ದ ಕುರ್ಚಿ ಎಳೆದುಕೊಂಡು.

ಶಿವರಾಜ ಬಂದು ನೋಡಿದ. ಅವನಿಗೆ ಹೇಳಿದ್ದು ಒಂದೇ, ಹಿಡಿದ ಮಕ್ಕಳ ಫೋಟೋ ತಕ್ಷಣ ಗ್ರೂಪಿಗೆ ಹಾಕಬೇಕು. ಹಾಕಿದ. ಆಂಜನೇಯ ನಡುವೆ, ಬಾಯ್ತುಂಬ ಉಸಲಿ. ಕೆಳಗೆ ಬೋರ್ಡಿನ ಒಕ್ಕಣೆ: ಏಳು ಗಂಟೆ ಮೀರಿ ಪತ್ತೆಯಾದ ಮಕ್ಕಳು, ಪೇರೆಂಟ್ ಕೂಡಲೇ ಬಂದು ಬಿಡಿಸಿಕೊಳ್ಳತಕ್ಕದ್ದು. ತಿಳಿಯದೆ ಮಾಡಿದನೋ ತಿಳಿದೇ ಮಾಡಿದನೋ ಅವನು ಇವತ್ತಿಗೂ ಹೇಳುವುದಿಲ್ಲ. ಕೇಳಿದರೆ ಹಲ್ಲು ಬಿಡುತ್ತಾನೆ.

ಜಯಸಿಂಹರು "ಡಿಲೀಟ್ ಮಾಡಯ್ಯ" ಎಂದು ಅರಚುವುದರೊಳಗೆ ಫೋನುಗಳು ಬಡಿದುಕೊಳ್ಳತೊಡಗಿದವು. ಸಿಲ್ಕ್ ಬೋರ್ಡಿನಿಂದ ಬಂತು. ಬನಶಂಕರಿ ಬಸ್ ಸ್ಟ್ಯಾಂಡಿನಿಂದ ಬಂತು. ಮೆಟ್ರೋದೊಳಗಿನಿಂದ ಅರ್ಧ ಅರ್ಧ ಬಂತು. ನನ್ನ ಮಗೂನ ಯಾರು ಹಿಡಿದದ್ದು? ಪತ್ತೆಯಾದ ಮಕ್ಕಳು ಅಂದ್ರೆ ಏನರ್ಥ? ನಾವೇನು ಮಕ್ಕಳನ್ನ ಬೀದೀಲಿ ಬಿಟ್ಟಿದ್ವಾ? ಆಂಜನೇಯನ ಅಪ್ಪ ವಾಯುದೇವರು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಅಲುಗಾಡದೆ ನಿಂತಿದ್ದರು. ಅಮ್ಮ ಸಂಹಿತಾ ಕ್ಯಾಬು ಬಿಟ್ಟು, ಯಾರದೋ ಬೈಕ್ ಟ್ಯಾಕ್ಸಿ ಹತ್ತಿ, ಕುತ್ತಿಗೆಯ ಐಡಿ ಕಾರ್ಡು ಬೆನ್ನಿಗೆ ಹಾರಿಸಿಕೊಂಡು ಬಂದು ಇಳಿದಳು. ಹೆಲ್ಮೆಟ್ಟು ತೆಗೆಯುವುದನ್ನೂ ಮರೆತಿದ್ದಳು.

ಮೊದಲು ಸಿಕ್ಕಿದ್ದು ಮುನಿಲಕ್ಷ್ಮಮ್ಮ.

"ಏನು ಮಾಡ್ತಿದ್ದೀಯಾ ನೀನು? ನಿನ್ನ ನಂಬಿ ಮಗೂನ ಬಿಟ್ಟೋದ್ರೆ ಗ್ರೂಪಲ್ಲಿ ಫೋಟೋ! ಇಡೀ ಲೇಔಟು ನೋಡ್ತಿದೆ, ನಾನೇನೋ ಕೆಟ್ಟ ತಾಯಿ ಅನ್ನೋ ಥರ. ನಾನೇನು ಸುತ್ತಾಡೋಕೆ ಹೋಗಿದ್ನಾ? ಕೆಲಸ ಮಾಡ್ತಿದ್ದೆ!"

"ನಾನೂ ಕೆಲಸಾನೇ ಮಾಡ್ತಿದ್ದೆ ಮೇಡಂ" ಎಂದಳು ಮುನಿಲಕ್ಷ್ಮಮ್ಮ. "ನನ್ ಫೋಟೋ ಹಾಕ್ದಾಗ್ಲೂ ನಿಮ್ಮ ಮಗ ನನ್ನ ಸೊಂಟದ ಮೇಲೇ ಇದ್ದ. ಕತ್ತರಿಸಿ ಹಾಕಿದ್ರು."

ಸಂಹಿತಾ ಹೆಲ್ಮೆಟ್ಟಿನ ಗಾಜು ಮೇಲೆತ್ತಿದಳು. ಅವಳಿಗೆ ಆ ಫೋಟೋ ನೆನಪಾಯಿತು. ಅದಕ್ಕೆ ಹೆಬ್ಬೆರಳು ಎತ್ತಿದ ಗುರುತನ್ನು ಒತ್ತಿದ್ದಳು. ಮಾವನ ಕಡೆ ತಿರುಗಿದಳು. ಮಾವ ಮೈಕಿನ ವೈರು ಸುತ್ತುವುದರಲ್ಲಿ ಬಹಳ ಆಸಕ್ತಿ ತೋರಿಸುತ್ತಿದ್ದರು.

"ಈಗ ನಾನೂ ಗೋಡೆಗೆ ನಿಂತ್ಕೊಂಡು ತಪ್ಪಾಯ್ತು ಅನ್ಬೇಕಾ ಮಾವ?" ಎಂದಳು.

ಜಯಸಿಂಹರು ಮುದುಕರಾದಂತೆ ಕಂಡರು. ಇನ್ನೂ ಹತ್ತಾರು ಪೇರೆಂಟುಗಳು ದಾರಿಯಲ್ಲಿದ್ದರು, ಎಲ್ಲರೂ ಸಿಟ್ಟಿನಲ್ಲಿದ್ದರು. ಅವರು ಮುನಿಲಕ್ಷ್ಮಮ್ಮನನ್ನು ಪಕ್ಕಕ್ಕೆ ಕರೆದರು. ದನಿ ಇಳಿಸಿದರು.

"ಆಯ್ತಮ್ಮ. ನಿನ್ನ ಮಗಳದ್ದು ಓದೋ ವಿಷಯ. ಅವಳಿಗೆ ಸ್ಪೆಷಲ್ 'ಪರ್ಮಿಶನ್' ಕೊಡ್ತೀನಿ. ಒಂದು ಕಾರ್ಡ್ ಮಾಡಿಸ್ತೀನಿ, ಕೊರಳಿಗೆ ಹಾಕ್ಕೊಂಡು ಬರ್ಲಿ. ಯಾರೂ ಕೇಳಲ್ಲ. ಈ ಮಕ್ಕಳನ್ನ ಬಿಡಿ ಈಗ."

ಒಳ್ಳೆಯ ಮನುಷ್ಯ ಎಂದೆನಲ್ಲ. ಅವರು ಅದನ್ನು ನಿಜವಾಗಿಯೂ ಉಪಕಾರವೆಂದೇ ತಿಳಿದಿದ್ದರು. ಮುನಿಲಕ್ಷ್ಮಮ್ಮನ ಬಾಯಿಗೆ ಹಳೆಯ ಅಭ್ಯಾಸದಿಂದ "ಆಯ್ತು ಸಾರ್" ಬಂದೇಬಿಟ್ಟಿತ್ತು. ತುಟಿಯವರೆಗೆ ಬಂದದ್ದನ್ನು ನುಂಗಿದಳು.

"ಬೇಡ ಸಾರ್."

"ಯಾಕಮ್ಮ?"

"ಅದು ರೋಡು ಸಾರ್. ರೋಡಲ್ಲಿ ನಡಿಯೋಕೆ ನನ್ ಮಗಳ ಕೊರಳಿಗೆ ನಾನು ಏನೂ ಕಟ್ಟಲ್ಲ. ಪಾಸ್ ಕಿತ್ಕೊಳಿ. ಕೆಲಸ ಬಿಡ್ಸಿ. ಕಾರ್ಡ್ ಬೇಡ."

ಅಷ್ಟು ಹೇಳಿ ಅವಳು ಹೊರಗೆ ನಡೆದಳು. ಬಾಗಿಲ ತನಕ ಹೋದವಳು ವಾಪಸು ಬಂದಳು. ಆಫೀಸಿನ ಪಕ್ಕಕ್ಕೆ 'ಮೆಂಬರ್ಸ್ ಓನ್ಲಿ' ಎಂದು ಬರೆದ ಟಾಯ್ಲೆಟ್ಟು ಇತ್ತು. ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಬಹಳ ಹೊತ್ತು ಬರಲಿಲ್ಲ. ಹೊರಗೆ ಲಕ್ಕವ್ವ ಬಿದ್ದು ಬಿದ್ದು ನಗುತ್ತಾ ಸಾಲಿನಲ್ಲಿ ನಿಂತಳು. ಅವಳ ಹಿಂದೆ ಉಳಿದವರೂ ನಿಂತರು. ಪೇರೆಂಟ್ ಬಂದು ಬಿಡಿಸಿಕೊಳ್ಳುವವರೆಗೆ ಟೊಮೇಟೊ ಅಲ್ಲೇ ಉರುಳಾಡುತ್ತಿತ್ತು.

ಇದೆಲ್ಲ ಆದ ಮೇಲೆ ಬೋರ್ಡು ಕಿತ್ತುಹಾಕಿದರು ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ಕೀಳಲಿಲ್ಲ. ಇನ್ನೂ ಗೇಟಿನಲ್ಲೇ ಇದೆ. ಬೆಳಗಿನ ಎರಡೂ ಮನೆಯವರು ಮುನಿಲಕ್ಷ್ಮಮ್ಮನನ್ನು ಬಿಡಿಸಿದರು. ನಾಲಿಗೆ ಉದ್ದವಾಯಿತಂತೆ. ಆ ತಿಂಗಳು ಕಾಲುವೆ ಬೀದಿಯ ಅಂಗಡಿಯಲ್ಲಿ ಅಕ್ಕಿ ಸಾಲ ತಂದಳು. ಸರಸ್ವತಿಯೂ ನಾಳೆಯಿಂದ ಬರಬೇಡ ಎಂದವರೇ. ಆದರೆ ಬೇರೆ ಯಾರ ಕೈಯ ತುತ್ತಿಗೂ ವಿಶ್ರುತ ಬಾಯಿ ತೆರೆಯಲಿಲ್ಲ. ಸಂಹಿತಾ ತಾನೇ ಕಾಲುವೆ ಬೀದಿಗೆ ಹುಡುಕಿಕೊಂಡು ಬಂದಳು. ಕೆಳಗಿನ ಒಂದು ಟಾಯ್ಲೆಟ್ಟು ನನಗೂ ಎಂದಾದರೆ ಬರುತ್ತೇನೆ ಎಂದಳು ಮುನಿಲಕ್ಷ್ಮಮ್ಮ. ಸಂಹಿತಾ ಕೆಂಪಾದಳು, ಹೂಂ ಎಂದಳು. ಲೋಟ ಇನ್ನೂ ನಲ್ಲಿಯ ಮೇಲೆಯೇ ಇದೆ. ಅದರ ಸರದಿಯೂ ಬರುತ್ತದೆ.

ಭಾಗ್ಯ ಸ್ಪರ್ಧೆಯ ಸಂಜೆಯ ಕಥೆಯನ್ನು ಲಕ್ಕವ್ವನ ಬಾಯಲ್ಲಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮತ್ತೆ ಮತ್ತೆ ಹೇಳಿಸಿದಳು. ದಸರೆ ರಜ ಮುಗಿದು ಕ್ಲಾಸು ಶುರುವಾಗುವ ದಿನ ಬ್ಯಾಗು ತೆಗೆದು ಧೂಳು ಕೊಡವಿದಳು.

ಮುನಿಲಕ್ಷ್ಮಮ್ಮನಿಗೆ ಜೀವ ಬಂತು. "ಕ್ಲಾಸು ಬಿಡೋ ಹೊತ್ತಿಗೆ ಬರ್ತೀನಿ, ವಿಶ್ರುತನ್ನ ಎತ್ಕೊಂಡೇ ಬರ್ತೀನಿ. ಜೊತೇಲಿ ಬರೋಣ. ಏಳಾಗಿರುತ್ತೆ."

"ನೀನು ಬರ್ಬೇಡ."

"ಯಾಕೆ? ಮತ್ತೆ ಹಿಡಿದ್ರೆ? ಅವರು ಬಿಡು, ಆ ಖಾಲಿ ಸೈಟ್ ಹತ್ರ ನಾಯಿ ಇರ್ತವೆ. ಬೈಕ್ ಹುಡುಗ್ರು ಇರ್ತಾರೆ."

"ಗೊತ್ತು. ನೀನು ಬಂದ್ರೆ ಅವರ ರೂಲ್ ಪ್ರಕಾರ ನಡ್ದಂಗೆ ಆಗುತ್ತೆ ಕಣಮ್ಮ. ನಾನು ಒಬ್ಳೇ ಬರ್ತೀನಿ."

ತಾಯಿ ಬೇಡವೆನ್ನಲು ಬಾಯಿ ತೆರೆದಳು. ಅಧ್ಯಕ್ಷರಿಗೆ ಬೇಡ ಎಂದದ್ದೇ ಸುಲಭವಾಗಿತ್ತು.

ಆ ಸಂಜೆ ಅವಳು ಜಯಸಿಂಹರ ಮನೆಯ ಗೇಟಿನಲ್ಲಿ ವಿಶ್ರುತನಿಗೆ ಉಣ್ಣಿಸುತ್ತಿದ್ದಳು. ಜಯಸಿಂಹರು ಮುಂದಿನ ಫುಟ್‌ಪಾತಿನಲ್ಲಿ ವಾಕಿಂಗು ಮಾಡುತ್ತಿದ್ದರು. ಏಳಾಯಿತು. ಒಂದು ಬೈಕು ರೊಯ್ಯೆಂದು ಹೋಯಿತು, ಅವಳ ಕೈಯ ತುತ್ತು ಕೆಳಗೆ ಬಿತ್ತು. ಇನ್ನು ಸ್ವಲ್ಪ ಹೊತ್ತಿಗೆ ರಸ್ತೆಯ ಆ ತುದಿಯಲ್ಲಿ ಲೈಟಿನ ಕೆಳಗೆ ಭಾಗ್ಯ ಕಂಡಳು. ಓಡುತ್ತಿರಲಿಲ್ಲ. ಬಡಾವಣೆಯ ಗೇಟಿನ ಹತ್ತಿರ ಶಿವರಾಜ ಎದ್ದು ನಿಂತ, ಅಧ್ಯಕ್ಷರ ಮುಖ ನೋಡಿದ, ಮತ್ತೆ ಕೂತ.

"ಏನಮ್ಮ, ಒಬ್ಳೇ ಹೋಗ್ತಿದ್ದೀಯಾ?" ಎಂದರು ಜಯಸಿಂಹರು. ಅದರಲ್ಲಿ ಗದರಿಕೆ ಎಷ್ಟಿತ್ತು, ಕಾಳಜಿ ಎಷ್ಟಿತ್ತು ಅವರಿಗೇ ಗೊತ್ತಿರಲಿಲ್ಲ.

"ಹೌದು ಸಾರ್. ಒಬ್ಳೇ."

ನಿಲ್ಲದೆ ಹೇಳಿ ಮುಂದೆ ನಡೆದಳು. ತಾಯಿಯ ಕಡೆ ನೋಡಲಿಲ್ಲ. ಮುಂದೆ ಖಾಲಿ ಸೈಟು, ಅಲ್ಲಿ ಲೈಟು ಕಡಿಮೆ. ನಾಯಿ ಬೊಗಳುತ್ತಿತ್ತು. ಓಡಿಹೋಗಿ ಕೈ ಹಿಡಿದುಕೊಳ್ಳಬೇಕೆಂದು ಮುನಿಲಕ್ಷ್ಮಮ್ಮನ ಕಾಲು ತುಡಿಯಿತು. ಗೇಟಿನ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡು ಅವಳು ನಿಂತಲ್ಲೇ ನಿಂತಳು, ಮಗಳು ತಿರುವು ದಾಟುವವರೆಗೆ.